ನೂರು ಮುಟ್ಟುವ ತನಕ

ಪೋಸ್ಟಾಫೀಸಿನ ಅಕ್ಕನ ಹೆಸರನ್ನು ಜಿಮ್ಮಿನ ಗೋಡೆಯ ಬಿಳಿ ಬೋರ್ಡಿನಿಂದ ಒರೆಸಿದ್ದಾರೆ. ಒರೆಸಿದಷ್ಟು ಜಾಗ ಉಳಿದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ, ಅದರ ಮೇಲೆ ಈಗ ಡ್ರೈವರಣ್ಣ ಅಂತ ಬರೆದಿದೆ, ಐವತ್ತೆರಡು, ಲಾಂಡ್ರಿಯವಳ ಬಾಯಿ ತನ್ನ ಪಾಡಿಗೆ ತಾನು ಎಣಿಸುತ್ತದೆ, ಐವತ್ಮೂರು, ಡ್ರೈವರಣ್ಣ ಕಾಲಡಿಯ ಪೆಟ್ಟಿಗೆಯಿಂದ ಚಿಮ್ಮಿ, ಕಂಬಿಗೆ ಜೋತುಬಿದ್ದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ, ಗದ್ದ ಕಂಬಿ ದಾಟಿದರೆ ಒಂದು, ದಾಟದಿದ್ದರೆ ಇಲ್ಲ ಅನ್ನಬೇಕು, ಕೋಚ್ ಅಂದ್ರೆ ಇಷ್ಟೇ ಕಣಮ್ಮಾ, ಕಣ್ಣಿರಬೇಕು, ಗಂಟಲಿರಬೇಕು, ಅಯ್ಯೋ ಪಾಪ ಅನ್ನೋದನ್ನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬಾ, ದೊಡ್ಡ ಕೋಚ್ ಮೊದಲ ದಿನವೇ ಹೇಳಿದ್ದ, ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಇವತ್ತು ಅವಳ ಪರೀಕ್ಷೆ. ಈ ಒಂದು ಗಂಟೆಯನ್ನು ಒಬ್ಬಳೇ ನಡೆಸಿಕೊಟ್ಟರೆ ಬೆನ್ನ ಮೇಲೆ ಕೋಚ್ ಅಂತ ಬರೆದ ಕಪ್ಪು ಟೀ ಶರ್ಟು ಅವಳದು, ಲಾಂಡ್ರಿಯ ಹಬೆ, ಇಸ್ತ್ರಿ ಮೇಜು, ಕಂಡವರ ಕಾಲರು ಎಲ್ಲಕ್ಕೂ ಒಂದು ನಮಸ್ಕಾರ, ಅರವತ್ತು — ಹದಿನಾರು ವರ್ಷ ನಿಂತ ಕಾಲು ಅವಳವು, ಸಾಯಂಕಾಲಕ್ಕೆ ಬಾತುಕೊಳ್ಳುವ ಕಾಲು, ದುಡ್ಡು ಕೊಟ್ಟು ಬೆವರು ಸುರಿಸೋಕೆ ಹೋಗ್ತೀಯಲ್ಲೇ, ನಿನ್ನ ಲಾಂಡ್ರಿಲಿ ಅದು ಪುಕ್ಕಟೆ ಸಿಗ್ತಿತ್ತಲ್ಲ, ಅಮ್ಮ ಅಂದದ್ದು, ಅಮ್ಮನಿಗೇನು ಗೊತ್ತು, ಮೊದಲ ವಾರ ಅವಳೇ ಎಲ್ಲರಿಗಿಂತ ಕೊನೆಯವಳು, ಇಲ್ಲಿ ಮುಗಿಸಿದವರು ಚೀಲ ಎತ್ತಿಕೊಂಡು ಮನೆಗೆ ಹೋಗುವಂತಿಲ್ಲ, ಕೊನೆಯವರ ಸುತ್ತ ನಿಂತು ಚಪ್ಪಾಳೆ ತಟ್ಟಬೇಕು, ನೂರು ಮುಟ್ಟುವ ತನಕ, ಅದು ಇಲ್ಲಿಯ ನೇಮ, ಆವತ್ತು ಇಪ್ಪತ್ತು ಜನ ಅವಳೊಬ್ಬಳಿಗಾಗಿ ತಟ್ಟಿದ್ದರು, ಹುಟ್ಟಿದ ಮೇಲೆ ಯಾರೂ ಅವಳಿಗೆ ಚಪ್ಪಾಳೆ ತಟ್ಟಿರಲಿಲ್ಲ, ಮದುವೆಯಲ್ಲೂ ಇಲ್ಲ, ಮದುವೆ ಮುರಿದಾಗಲೂ ಇಲ್ಲ, ಕಣ್ಣಲ್ಲಿ ನೀರು ಬಂದಿತ್ತು, ಬೆವರು ಅಂದಿದ್ದಳು, ಅರವತ್ತೆಂಟು, ಉಸಿರು ಬಿಡಿ ಅಣ್ಣ, ಬಿಡಿ.

ಅಕ್ಕನಿಗೂ ಹೀಗೇ ತಟ್ಟಿದ್ದರು. ಬಂದು ಮೂರನೆಯ ದಿನ, ವಯಸ್ಸು ಐವತ್ತರ ಹತ್ತಿರ, ಸ್ಟಾಂಪ್ ನೆಕ್ಕಿ ನೆಕ್ಕಿ ನಾಲಿಗೆಗೆ ಮಾತ್ರ ವ್ಯಾಯಾಮ ಆಗಿದೆ ಕಣೇ ಅಂತ ನಗಿಸುತ್ತಿದ್ದ ಅಕ್ಕ, ಎಣಿಕೆ ಐವತ್ತಾದಾಗಲೇ ಸಾಕು ಅಂದಳು, ಕೈ ನಡುಗ್ತಿದೆ ಕಣೇ, ಚಪ್ಪಾಳೆ ಜೋರಾಯಿತು, ಅಷ್ಟು ಜನ ತನಗಾಗಿ ನಿಂತಿರುವಾಗ ಯಾವ ಹೆಂಗಸು ಇಳಿದಾಳು, ಎಣಿಸಿದ್ದು ಯಾರು, ಅವಳೇ, ಇದೇ ಬಾಯಿ, ಎರಡು ದಿನ ಕಳೆದರೂ ಅಕ್ಕನ ಮೊಣಕೈ ಬಿಚ್ಚಲೇ ಇಲ್ಲ, ಮೂತ್ರ ಹಾಲು ಹಾಕದ ಚಹಾದ ಬಣ್ಣ, ಸ್ನಾಯು ಕರಗಿ ರಕ್ತಕ್ಕೆ ಇಳಿದಿದೆ, ಕಿಡ್ನಿ ಹೋಗ್ತಿದೆ ಅಂದರಂತೆ ಡಾಕ್ಟರು, ಎಪ್ಪತ್ತೈದು, ಮಗಳು ಫೋನು ಮಾಡಿ ಅಮ್ಮಂಗೆ ಅಲ್ಲೇನಾಯ್ತು ಮೇಡಂ ಅಂದಾಗ ದೊಡ್ಡ ಕೋಚ್ ಎದುರಿಗೇ ಕೂತಿದ್ದ, ಮೊದಲೇ ಹುಷಾರಿರಲಿಲ್ಲ, ನಮಗೆ ಹೇಳಿರಲಿಲ್ಲ, ಹಾಗನ್ನು, ಅಂದ, ಅವಳು ಅಂದಳು. ಹಾಗೇ ಅಂದಳು, ಒಂದಕ್ಷರ ತಪ್ಪದೆ. ನಾವೆಲ್ಲ ಒಂದೇ ಮನೆಯವರು ಅಂತ ಗೋಡೆ ತುಂಬ ಬರೆದಿದ್ದಾರೆ, ಮನೆಯವರು, ಹೌದು, ಆಸ್ಪತ್ರೆಗೆ ಒಬ್ಬರೂ ಹೋಗಲಿಲ್ಲ, ವಾರಕ್ಕೆ ಮೂರು ದಿನ ಅಕ್ಕನ ರಕ್ತ ಯಂತ್ರದೊಳಗೆ ಹೋಗಿ ಬರುತ್ತದೆ, ಇಲ್ಲಿ ಅಕ್ಕನ ಹೆಸರನ್ನು ಒದ್ದೆ ಬಟ್ಟೆಯಲ್ಲಿ ಒಂದು ಸಲ ಉಜ್ಜಿದರೆ ಮುಗಿಯಿತು.

ಎಂಬತ್ತೈದು. ಡ್ರೈವರಣ್ಣನ ಗದ್ದ ಮೇಲೇರುತ್ತದೆ, ನಿಲ್ಲುತ್ತದೆ, ಗದ್ದಕ್ಕೂ ಕಂಬಿಗೂ ನಡುವೆ ನಾಲ್ಕು ಬೆರಳು, ಬೀಳುತ್ತದೆ. ಬಂದು ನಾಲ್ಕನೆಯ ದಿನ, ನಾಳೆ ಬೆಳಿಗ್ಗೆ ಸ್ಟೀರಿಂಗ್ ತಿರುಗಿಸಬೇಕಾದ ತೋಳು, ಹಿಂದೆ ಐವತ್ತು ಜನ ಕೂತಿರುತ್ತಾರೆ, ಅವರಿಗೇನು ಗೊತ್ತು, ಸುತ್ತ ಚಪ್ಪಾಳೆ, ಇನ್ನೊಂದು, ಇನ್ನೊಂದು, ಮತ್ತೆ ಏರುತ್ತಾನೆ, ತೋಳಿನ ಚರ್ಮದಡಿ ಏನೋ ಹುಳುವಿನಂತೆ ಮಿಸುಕುತ್ತದೆ, ನಾಲ್ಕು ಬೆರಳು. ಇಳಿದುಬಿಡಿ ಅಣ್ಣ, ಸಾಕು. ಇಳಿಯೋದೇನ್ ಬಂತು ಮೇಡಂ, ಹದಿನೈದೇ ತಾನೇ ಉಳಿದಿರೋದು, ಇಷ್ಟು ಜನ ನಿಂತಿದ್ದಾರೆ, ಅವನ ಕಣ್ಣಲ್ಲಿ ನೀರು, ಆ ನೀರು ಅವಳಿಗೆ ಗೊತ್ತು, ಅದಕ್ಕಿಂತ ಸಿಹಿಯಾದದ್ದು ಅವಳಿಗೂ ಇನ್ನೆಲ್ಲೂ ಸಿಕ್ಕಿಲ್ಲ. ದೊಡ್ಡ ಕೋಚ್ ಕಿವಿಯ ಹತ್ತಿರ ಬಂದ, ಅವನಿಂದ ಸೋಪಿನ ವಾಸನೆ, ಯಾಕಮ್ಮಾ ಬಾಯಿ ಮುಚ್ಚಿಕೊಂಡೆ, ಇಲ್ಲ ಅನ್ನು, ಮತ್ತೆ ಏರಿಸು, ಎಣಿಸು. ಸರ್, ಅವರ ತೋಳು ನೋಡಿ. ತೋಳು ನೋಡೋಕೆ ಡಾಕ್ಟರಿದ್ದಾರೆ, ನೀನು ಗದ್ದ ನೋಡು, ಟೀ ಶರ್ಟು ಬೇಕೋ ಬೇಡವೋ. ಬೇಕು, ಯಾರಿಗೆ ಬೇಡ, ಇಷ್ಟು ಬೇಕು ಅಂತ ಇನ್ಯಾವುದೂ ಅನ್ನಿಸಿರಲಿಲ್ಲ. ಎಣಿಸಲ್ಲ ಸರ್. ಅವನು ಕೂಗಲಿಲ್ಲ, ಸಿಟ್ಟೂ ಆಗಲಿಲ್ಲ, ಹಿಂದೆ ತಿರುಗಿ ಅಂಗೈ ಎತ್ತಿದ, ಅಷ್ಟೇ, ಇಪ್ಪತ್ತು ಬಾಯಿ ಒಂದಾಗಿ ಎಣಿಸತೊಡಗಿದವು, ಪ್ರೀತಿಯಿಂದಲೇ, ಎಂಬತ್ತಾರು ಬರಲಿ ಅಣ್ಣಾ, ಬರಲಿ, ಡ್ರೈವರಣ್ಣ ನಕ್ಕು ಕಂಬಿ ಬಿಗಿಹಿಡಿದ, ಇನ್ನು ಅವಳ ಬಾಯಿ ಬೇಕಾಗಿಲ್ಲ, ಎಂದೂ ಬೇಕಾಗಿರಲಿಲ್ಲ, ಆದರೂ ನೀನೂ ಹೇಳು, ಎಲ್ಲರ ಜೊತೆ ಹೇಳು, ಅಂತ ದೊಡ್ಡ ಕೋಚ್ ಅವಳ ಭುಜದ ಮೇಲೆ ಕೈಯಿಟ್ಟ, ಗದ್ದಕ್ಕೂ ಕಂಬಿಗೂ ನಾಲ್ಕು ಬೆರಳು, ಅವಳು ಹಲ್ಲು ಕಚ್ಚಿಕೊಂಡಳು, ನಾಲ್ಕು ಬೆರಳು, ಹೇಳಲಿಲ್ಲ, ನಾಲ್ಕು ಬೆರಳು —