ನನ್ನೊಬ್ಬನ ಕೈಲಾಗುತ್ತಿಲ್ಲ

ಬಸ್ ನಿಲ್ದಾಣದ ಪಕ್ಕದ ಕ್ಷೌರಿಕನ ಕೈಗುಣವನ್ನು ಒಂದು ಕಾಲದಲ್ಲಿ ಊರೇ ಹೊಗಳುತ್ತಿತ್ತು. ಅಳುವ ಮಗುವೂ ಅವನ ಕುರ್ಚಿಯಲ್ಲಿ ತೂಕಡಿಸುತ್ತಿತ್ತು. ಈಗ ಬೆಳಿಗ್ಗೆಯೇ ಒಂದು ಗುಟುಕು ಸಾರಾಯಿ ಒಳಗೆ ಹೋಗದಿದ್ದರೆ ಬೆರಳುಗಳ ನಡುಕ ನಿಲ್ಲುತ್ತಿರಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು.

ಒಬ್ಬ ಬಸ್ ಡ್ರೈವರ್ ಮಾತ್ರ ಬಿಡಲಿಲ್ಲ. ಹಿಂದೆ ಇಬ್ಬರೂ ಜೊತೆಯಲ್ಲೇ ಕುಡಿದವರು. ಡ್ರೈವರ್ ಕುಡಿತ ಬಿಟ್ಟು ನಾಲ್ಕು ವರ್ಷವಾಗಿತ್ತು. ಒಂದು ದಿನ ಕತ್ತಿ ಜಾರಿ ಅವನ ಕಿವಿಯ ಕೆಳಗೆ ರಕ್ತ ಬಂತು.

“ಕತ್ತಿ ಸರಿಯಿಲ್ಲ ಕಣಣ್ಣ” ಎಂದ ಕ್ಷೌರಿಕ.

“ಕತ್ತಿ ಸರಿಯಾಗೇ ಇದೆ. ಸಂಜೆ ಶಾಲೆ ಕೋಣೇಲಿ ನಾವೊಂದಷ್ಟು ಜನ ಸೇರ್ತೀವಿ. ಕುಡಿತ ಬಿಟ್ಟೋರು, ಬಿಡಬೇಕು ಅನ್ನೋರು. ಬಾ.”

“ಅಲ್ಲಿ ಪ್ರಾರ್ಥನೆ ಮಾಡ್ತೀರಂತೆ. ನನಗೂ ದೇವರಿಗೂ ಎಣ್ಣೆ ಸೀಗೆಕಾಯಿ.”

“ಸೀಗೆಕಾಯಿ ಆಚೆಗಿರಲಿ, ನಿನ್ನ ತೊಂದರೆ ಎಣ್ಣೇದು” ಎಂದು ಡ್ರೈವರ್ ನಕ್ಕ.

“ಬಿಡಬೇಕು ಅಂದ್ರೆ ನಾನೇ ಬಿಡ್ತೀನಿ.”

“ಇದುವರೆಗೆ ಎಷ್ಟು ಸಲ ಬಿಟ್ಟಿದ್ದೀಯ?”

ಕ್ಷೌರಿಕ ಕತ್ತಿ ಒರೆಸತೊಡಗಿದ.

“ನಾನೂ ಹಾಗೇ ಅಂದೋನು. ದೇವರು ಅನ್ನು, ಮನಸ್ಸಾಕ್ಷಿ ಅನ್ನು, ಅದರ ಮುಂದೆ ‘ನನ್ನೊಬ್ಬನ ಕೈಲಾಗ್ತಿಲ್ಲ’ ಅಂತ ಒಪ್ಪಿಕೊಂಡ ದಿನ ನನ್ನ ಎದೆ ಹಗುರಾಯ್ತು. ಆದ್ರೆ ಮೊದಲು ಡಾಕ್ಟರ್ ಹತ್ರ ಹೋಗೋಣ. ನಿನ್ನಷ್ಟು ಕುಡಿಯೋರು ಏಕಾಏಕಿ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ.”

ಕ್ಷೌರಿಕ ಅಂಗಡಿ ಬಾಗಿಲೆಳೆದು ಅವನ ಜೊತೆ ಹೊರಟ. ಒಂದು ವಾರ ಆಸ್ಪತ್ರೆಯಾಯಿತು. ಆಮೇಲೆ ಶಾಲೆ ಕೋಣೆ. ಮೊದಮೊದಲು ಅವನು ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದ. ಒಂದು ಸಂಜೆ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಹಿಟ್ಟಿನ ಡಬ್ಬಿಯಲ್ಲಿ ಬಾಟಲಿ ಬಚ್ಚಿಡುತ್ತಿದ್ದುದನ್ನು ಹೇಳಿಕೊಂಡರು. ಯಾರೂ ನಗಲಿಲ್ಲ. ಆಗ ಕ್ಷೌರಿಕ ಎದ್ದು ನಿಂತು, “ನನ್ನ ಕೈಲೂ ಆಗ್ತಿಲ್ಲ” ಎಂದ.

ಮೂರನೇ ತಿಂಗಳು ಒಂದು ಮದುವೆಮನೆಯಲ್ಲಿ ಮತ್ತೆ ಕುಡಿದ. ನಾಚಿಕೆಯಿಂದ ಮನೆಯಿಂದ ಹೊರಗೇ ಬರಲಿಲ್ಲ. “ನಾಯಿ ಬಾಲ ಡೊಂಕೇ. ನನಗೆ ಮೊದಲೇ ಗೊತ್ತಿತ್ತು” ಎಂದಳು ಹೆಂಡತಿ. ಅವಳು ಎಷ್ಟೋ ಆಣೆಗಳನ್ನು ಕೇಳಿ ಸಾಕಾದವಳು.

ಡ್ರೈವರೂ ಆ ಮುಖ್ಯೋಪಾಧ್ಯಾಯಿನಿ ಮೇಡಮ್ಮೂ ಮನೆಗೇ ಬಂದರು. ಬೈಯಲಿಲ್ಲ. “ನಾನು ಎರಡು ಸಲ ಜಾರಿದೀನಿ” ಎಂದರು ಮೇಡಂ. “ಜಾರಿದೋರು ಬರಬಾರದು ಅಂದಿದ್ರೆ ನಮ್ಮ ಕೋಣೇಲಿ ಯಾರೂ ಇರ್ತಿರಲಿಲ್ಲ. ನೀವೂ ಬನ್ನಿ ತಾಯಿ. ಮನೆಯವರೂ ಸೋತಿರ್ತಾರೆ.”

ಹೆಂಡತಿ ಮುಖ ತಿರುಗಿಸಿ ಒಳಗೆ ಹೋದಳು.

ಕ್ಷೌರಿಕ ಮತ್ತೆ ಹೋಗತೊಡಗಿದ. ದಿನಾ ಬೆಳಿಗ್ಗೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು, “ಇವತ್ತೊಂದು ದಿನ ಕಾಪಾಡು” ಎನ್ನುತ್ತಿದ್ದ. ಯಾರಿಗೆ ಹೇಳುತ್ತಿದ್ದೇನೆಂದು ಅವನಿಗೇ ತಿಳಿದಿರಲಿಲ್ಲ. ಹಾಗೆ ಕೂತಾಗೆಲ್ಲ ತಾನು ನೋಯಿಸಿದವರ ಮುಖಗಳು ಕಣ್ಣೆದುರು ಬರುತ್ತಿದ್ದವು. ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದ. ಆರು ವರ್ಷದಿಂದ ಅಕ್ಕ ತಮ್ಮನ ನಡುವೆ ಮಾತಿರಲಿಲ್ಲ.

“ಅಮ್ಮ ಹೋದ ದಿನ ಕುಡಿದು ಬಂದಿದ್ದೆ. ಹೆಗಲು ಕೊಡೋಕೆ ನೆಟ್ಟಗೆ ನಿಲ್ಲೋಕೂ ಆಗಲಿಲ್ಲ. ತಪ್ಪಾಯ್ತು ಅಕ್ಕ.”

ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೊನೆಗೆ ಪಕ್ಕಕ್ಕೆ ಸರಿದಳು. “ಒಳಗೆ ಬಾ. ಊಟ ಮಾಡ್ಕೊಂಡು ಹೋಗು.”

ಹಿಂತಿರುಗುವಾಗ ತಮ್ಮ ಮನೆಯ ತಿರುವಿನಲ್ಲಿ ಹೆಂಡತಿ ಕೇಳಿದಳು: “ಮುಂದಿನ ಸಭೆ ಯಾವಾಗ? ನಾನೂ ಬರ್ತೀನಿ.”

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕುಡಿತ ಒಂದು ಕಾಯಿಲೆ. ಮೊದಲು ವೈದ್ಯರನ್ನು ಕಾಣಿ. ಆಮೇಲೆ ನಿಮ್ಮಂಥವರ ಜೊತೆ ಕೂತು ಮಾತಾಡಿ. ಜಾರಿದರೆ ಬಚ್ಚಿಟ್ಟುಕೊಳ್ಳಬೇಡಿ, ಮರಳಿ ಬನ್ನಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥವರೊಬ್ಬರಿದ್ದರೆ ಇವತ್ತೇ ಹೋಗಿ ಅವರ ಪಕ್ಕ ಕೂತುಕೊಳ್ಳಿ.