ಬೋರಮ್ಮನ ಬರಿ ಡಬರಿ

ಹಾರೋಬೆಲೆಯ ಜ್ಞಾನಮ್ಮನ ಮನೆಗೆ ಬಂದ ಪಾತ್ರೆ ಬರಿದಾಗಿ ವಾಪಸ್ ಹೋದ ಚರಿತ್ರೆಯೇ ಇರಲಿಲ್ಲ. ಪಲ್ಯ ಬಂದರೆ ಪಾಯಸ ಹೋಗಬೇಕು, ಪಾಯಸ ಬಂದರೆ ಕೋಳಿಸಾರು. ಇದು ಜಂಭವಲ್ಲದೆ ಇನ್ನೇನು? ಅವಳು ಮಾತ್ರ ಮರ್ಯಾದೆ ಅನ್ನುತ್ತಿದ್ದಳು.

ಅಂಥವಳು ಒಂದು ಎಡವಟ್ಟು ಮಾಡಿಕೊಂಡಳು. ಈಸ್ಟರಿನ ಪಾಸ್ಕ ಹಬ್ಬಕ್ಕೆಂದು ಸಾಕಿದ್ದ ಹ್ಯಾಟೆ ಕೋಳಿ ಕಾಣೆಯಾಯಿತು. ಪಕ್ಕದ ಮನೆಯ ಬೋರಮ್ಮನೇ ಕದ್ದಳೆಂದು ಬೀದಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದಳು. ಕೆಲವು ವಾರದ ಮೇಲೆ ಹ್ಯಾಟೆ ಜ್ಞಾನಮ್ಮನದೇ ಸೌದೆ ಒಟ್ಟಿಲಿನ ಹಿಂದಿನಿಂದ ಮರಿಗಳ ಸಮೇತ ಮೆರವಣಿಗೆ ಹೊರಟಿತು. ಊರೆಲ್ಲ ನಕ್ಕಿತು.

ಜ್ಞಾನಮ್ಮ ಚರ್ಚಿಗೆ, ಪಾಪನಿವೇದನೆಗೆ ಓಡಿದಳು. ಫಾದರ್ ಕ್ಷಮೆ ಕೊಟ್ಟು, ಒಂದು ಜಪ ಹೇಳಿಕೊಳ್ಳಲು ಹೇಳಿದರು.

"ಇಷ್ಟೇನಾ? ಬಿಟ್ಟಿ ಕ್ಷಮೆ ನಂಗ್ ಬ್ಯಾಡಿ ಸ್ವಾಮಿ. ಶಿಲುಬೆ ನೆಟ್ಟಿರೋ ಕಪಾಲಬೆಟ್ಟನ ಮಂಡೀಲಿ ಹತ್ತಲಾ?"

"ಹತ್ತಿದರೆ ಮಂಡಿ ಹೋಗುತ್ತೆ, ಅಷ್ಟೆ. ಅದು ಕೃಪೆ ಕಣಮ್ಮ, ಯೇಸುಸ್ವಾಮಿ ಕೊಟ್ಟಾಯಿತು. ನೀವು ಕೈ ಚಾಚಬೇಕು. ಚಾಚೋ ಮನಸ್ಸು ಬರದಿದ್ದರೆ ಅದನ್ನೂ ಅವರನ್ನೇ ಕೇಳಿಕೊಳ್ಳಿ."

ಜ್ಞಾನಮ್ಮನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಭಾನುವಾರದ ಪೂಜೆಯಲ್ಲಿ ಎಲ್ಲರೂ ಕೈ ಚಾಚಿ ಪರಮಪ್ರಸಾದ ತೆಗೆದುಕೊಳ್ಳಲು ಎದ್ದಾಗ ಇವಳು ಕೂತೇ ಇದ್ದಳು. ತಿರುಗಿಸಿ ಕೊಡಲು ಏನೂ ಇಲ್ಲದೆ ಯಾವ ಮುಖ ಹೊತ್ತು ಹೋಗುವುದು? ಆದರೂ ಸಾಲು ಕರಗುವವರೆಗೆ ಆಸೆಗಣ್ಣಿಂದ ನೋಡುತ್ತಿದ್ದಳು. ಪಾಸ್ಕ ಹಬ್ಬಕ್ಕೂ ಹೀಗೇ ಕೂರಬೇಕಾದೀತೆಂದು ದಿಗಿಲಾಗಿ, ಕೈ ಚಾಚೋ ಮನಸ್ಸು ಕೊಡೆಂದು ಯೇಸುಸ್ವಾಮಿಯನ್ನು ಮನಸ್ಸಿಲ್ಲದ ಮನಸ್ಸಿನಿಂದಲೇ ಕೇಳಿಕೊಂಡಳು.

ಅಷ್ಟರಲ್ಲಿ ಯುಗಾದಿ ಬಂತು. ಬೋರಮ್ಮ ಡಬರಿ ಹಿಡಿದು ಬಾಗಿಲಲ್ಲಿ ನಿಂತಳು.

"ತಗೊ ಅಕ್ಕ, ಒಬ್ಬಟ್ಟಿನ ಸಾರು. ಬಿಸಿ ಐತೆ."

"ನಿನ್ನ ಅಷ್ಟೊಂದು ಬೈದಿವ್ನಿ ಕಣೆ, ತೆಪ್ಪಾಯ್ತು..."

"ಬೈದೆ. ಈಗ ಉಣ್ಣು."

"ಇರು, ಆ ಹ್ಯಾಟೆ ಮರಿಗಳ್ನ ನೀನೇ ತಗೊಂಡ್ಹೋಗು!" ಜ್ಞಾನಮ್ಮ ಹಿತ್ತಲಿಗೆ ನುಗ್ಗಿದಳು. ಹ್ಯಾಟೆ ಕೈಗೆ ಕುಕ್ಕಿ ಓಡಿತು. ಅದಕ್ಕಾದರೂ ಬುದ್ಧಿ ಇತ್ತು.

"ಸುಮ್ಕಿರಕ್ಕ. ನಂಗೇನೂ ಬ್ಯಾಡ. ಉಂಡು ಡಬರಿ ತೊಳ್ದು ಕೊಡು, ಸಾಕು."

ಉಂಡಳು. ಕಣ್ಣಲ್ಲಿ ನೀರು ಸುರಿಯಿತು. ಖಾರ ಜಾಸ್ತಿ ಅಂದಳು. ಡಬರಿ ತೊಳೆದಳು. ಕೈ ತಾನಾಗಿ ಬೆಲ್ಲದ ಡಬ್ಬಕ್ಕೆ ಹೋಯಿತು. ಹಿಂದಕ್ಕೆಳೆದುಕೊಂಡಳು. ಮತ್ತೆ ಹೋಯಿತು. ಮತ್ತೆ ಎಳೆದುಕೊಂಡು, ಡಬರಿಯನ್ನು ಬರಿದಾಗೇ ಕೊಟ್ಟಳು.

ಬೋರಮ್ಮ ಡಬರಿಯೊಳಗೆ ಇಣುಕಿದಳು. "ಏನೂ ಇಲ್ವಾ?"

"ಏನೂ ಇಲ್ಲ ಕಣೆ," ಅಂದಳು ಜ್ಞಾನಮ್ಮ. ಹೇಳಿದ ಮೇಲೆ ಮೈ ಹಗುರಾಗಿ ನಗು ಬಂತು. ಬೋರಮ್ಮನೂ ನಕ್ಕಳು.

ಭಾನುವಾರ ಪರಮಪ್ರಸಾದದ ಸಾಲಿನಲ್ಲಿ ಜ್ಞಾನಮ್ಮ ಎಲ್ಲರಿಗಿಂತ ಮುಂದೆ ನಿಂತಿದ್ದಳು, ಎರಡೂ ಬರಿಗೈ ಚಾಚಿಕೊಂಡು.