ತೇವ ಸರಿ ಇದೆ

ಬಸವನಹುಳುವಿನ ಮಲದ್ವಾರ ಇರುವುದು ಅದರ ತಲೆಯ ಮೇಲುಗಡೆ. ಮೊಟ್ಟೆಯಿಂದ ಹೊರಬರುವ ಮುನ್ನವೇ ಅದರ ಮೈ ಒಳಗೊಳಗೇ ತಿರುಚಿಕೊಂಡು, ಹಿಂದೆ ಇರಬೇಕಾದದ್ದು ಮುಂದಕ್ಕೆ ಬಂದುಬಿಡುತ್ತದೆ. ಇದನ್ನು ಪರೀಕ್ಷೆಯಲ್ಲಿ ಚಿತ್ರಸಮೇತ ಬರೆದು ಹತ್ತಕ್ಕೆ ಹತ್ತು ತೆಗೆದುಕೊಂಡಿದ್ದ ಹುಡುಗಿಗೆ, ಅದೇ ಪ್ರಾಣಿ ಸಾವಿರಗಟ್ಟಲೆ ಎದುರಿಗೆ ಬಂದಾಗ ಕರುಳೇ ಬಾಯಿಗೆ ಬಂದಂತಾಯಿತು.

ಚಿಕ್ಕಂದಿನಿಂದಲೂ ಮನೆಯವರು ಅವಳನ್ನು ಕರೆಯುತ್ತಿದ್ದುದು ‘ಮುಟ್ಟಿದರೆ ಮುನಿ’ ಎಂದು. ಬಾಳೆಹಣ್ಣಿನ ನಾರು ಕೈಗಂಟಿದರೂ ಮುದುಡಿಕೊಳ್ಳುವ ಜೀವ ಅದು. ಸೋದರತ್ತೆ ಆ ಹೆಸರನ್ನು ಮೊಟಕು ಮಾಡಿ ‘ಮುನಿ’ ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ಬ್ಯೂಟಿ ಪಾರ್ಲರಿನಲ್ಲಿ ನಿಂತುಕೊಂಡೇ ಮಂದಿಯ ಹುಬ್ಬು ತಿದ್ದಿ ಮೊಣಕಾಲು ಸವೆಸಿಕೊಂಡಿದ್ದ ಅತ್ತೆ, ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ಬಸವನಹುಳು ಸಾಕುತ್ತಿದ್ದಳು. ಅವುಗಳ ಮೈಮೇಲೆ ಹುಳಿನೀರಿನ ಹನಿ ಸಿಂಪಡಿಸಿದರೆ ಲೋಳೆ ಬಿಡುತ್ತವೆ. ಆ ಲೋಳೆಯಿಂದ ಮುಖಕ್ಕೆ ಹಚ್ಚುವ ಕ್ರೀಮು ಮಾಡುವ ಕಂಪನಿಯೊಂದಿತ್ತು.

“ನೀನು ಇದನ್ನೇ ಓದಿದವಳಲ್ಲವೇನೇ? ಬಾ, ನನ್ನ ಜೊತೆಗಿರು,” ಎಂದು ಅತ್ತೆ ಕರೆದಾಗ, ಡಿಗ್ರಿ ಮುಗಿಸಿ ಮೂಲೆಯಲ್ಲಿ ಡೈರಿ ಬರೆಯುತ್ತ ಕುಳಿತಿದ್ದ ಮುನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಮೃದ್ವಂಗಿಗಳ ಬಗ್ಗೆ ಅವಳಿಗೆ ಗೊತ್ತಿಲ್ಲದ್ದಿರಲಿಲ್ಲ. ಮೂರು ಹೃದಯ, ನೀಲಿ ರಕ್ತದ ಆಕ್ಟೋಪಸ್ಸೂ, ತಲೆಯೇ ಇಲ್ಲದ ಕಪ್ಪೆಚಿಪ್ಪೂ, ಈ ಬಸವನಹುಳುವೂ ದಾಯಾದಿಗಳು. ಇದರ ನಾಲಗೆಯ ಪಟ್ಟಿಯ ಮೇಲೆ ಸಾವಿರಾರು ಹಲ್ಲು. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಪುಸ್ತಕದಲ್ಲಿ ಇದೆಲ್ಲ ಚೆಂದವೇ ಇತ್ತು. ಪುಸ್ತಕಕ್ಕೆ ವಾಸನೆ ಇರುವುದಿಲ್ಲ.

ಅವಳ ಕೆಲಸ ಕಷ್ಟದ್ದೇನಲ್ಲ. ಶೆಡ್ಡಿನಲ್ಲಿ ಎರಡು ಕೋಣೆ, ಒಂದೊಂದರಲ್ಲಿ ಹನ್ನೆರಡು ಟ್ರೇ. ಬೆಳಿಗ್ಗೆ, ಸಂಜೆ ಒಳಗೆ ಹೋಗಿ, ಟ್ರೇಗಳ ಮುಚ್ಚಳ ತೆಗೆದು, ತಳಕ್ಕೆ ಅಂಗೈ ಇಟ್ಟು ತೇವ ನೋಡಬೇಕು. ಆಮೇಲೆ ಬಾಗಿಲ ಪಕ್ಕ ದಾರದಲ್ಲಿ ತೂಗುಬಿಟ್ಟ ಪುಸ್ತಕದಲ್ಲಿ ಬರೆಯಬೇಕು. ಮೊದಲ ವಾರ ಗ್ಲೌಸ್ ಹಾಕಿಕೊಂಡು, ಉಸಿರು ಬಿಗಿಹಿಡಿದು ಮಾಡಿದಳು. ಎಂಟನೆಯ ದಿನ ಗ್ಲೌಸಿನ ಬೆರಳು ಹರಿದಿತ್ತು. ಒಂದು ಹುಳು ತನ್ನ ತಣ್ಣನೆಯ ಹೊಟ್ಟೆಯನ್ನು ಅವಳ ಉಗುರಿನ ಮೇಲೆ ಎಳೆದುಕೊಂಡು ಹೋಯಿತು. ನೆಗಡಿಯಾದ ಮೂಗನ್ನು ಯಾರೋ ತನ್ನ ಕೈಗೆ ಒರೆಸಿದ ಹಾಗಾಯಿತು. ತೊಳೆದಳು. ನೀರು ಬಿದ್ದಷ್ಟೂ ಲೋಳೆ ಉಬ್ಬಿತು, ಒಂದು ಬೆರಳಿನಿಂದ ಇನ್ನೊಂದು ಬೆರಳಿಗೆ ನೂಲು ಎಳೆಯಿತು. ಅವತ್ತು ಮಧ್ಯಾಹ್ನ ಚಮಚದಲ್ಲಿ ಊಟ ಮಾಡಿದಳು.

ಅವತ್ತಿನ ಸಂಜೆಯಿಂದ ಮುನಿ ಬಾಗಿಲಿನ ಗಾಜಿನಿಂದಲೇ ಇಣುಕಿ, ದುಂಡನೆಯ ಅಕ್ಷರದಲ್ಲಿ ‘ತೇವ ಸರಿ ಇದೆ’ ಎಂದು ಬರೆಯತೊಡಗಿದಳು. ಹನ್ನೆರಡು ದಿನ ಬರೆದಳು. ಸತ್ತರೂ ಸುಳ್ಳು ಹೇಳದ ಹುಡುಗಿ ಎಂದು ಹೆಸರಾದವಳು!

ಹದಿಮೂರನೆಯ ಬೆಳಿಗ್ಗೆ, ಒಪ್ಪಂದದ ಓಡಾಟದಲ್ಲಿ ಆ ವಾರವೆಲ್ಲ ಶೆಡ್ಡಿನ ಕಡೆ ತಲೆ ಹಾಕದಿದ್ದ ಅತ್ತೆ ಎರಡನೆಯ ಕೋಣೆಯ ಬಾಗಿಲು ತೆಗೆದವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕೊಳೆತ ಮೀನಿಗೂ ಚರಂಡಿಗೂ ಹುಟ್ಟಿದ ಮಗುವಿನಂಥ ನಾತ ಹೊರಗೆ ನುಗ್ಗಿತು. ನೀರು ಚಿಮುಕಿಸುವ ಪೈಪಿನ ಬಾಯಿಗೆ ಒಣಗಿದ ಲೋಳೆ ಕಟ್ಟಿ ಬಿರಡೆ ಹಾಕಿದಂತಾಗಿತ್ತು. ಟ್ರೇಗಳು ಹಪ್ಪಳದ ಹಾಗೆ ಒಣಗಿದ್ದವು. ಕೆಲವು ಹುಳು ಚಿಪ್ಪಿನಿಂದ ಹೊರಗೆ ಸುರಿದು ಕಪ್ಪಗೆ ಕರಗಿದ್ದವು. ಉಳಿದವು ಚಿಪ್ಪಿನ ಬಾಯಿ ಮುಚ್ಚಿಕೊಂಡು ಕಲ್ಲಿನಂತೆ ಬಿದ್ದಿದ್ದವು.

“ಎಲ್ಲಾ ಹೋಯ್ತು,” ಎಂದಳು ಅತ್ತೆ. “ಇವತ್ತು ನಾಲ್ಕು ಗಂಟೆಗೆ ಕಂಪನಿಯವನು ಬರ್ತಾನೆ. ಎರಡೂ ಕೋಣೆ ತುಂಬಾ ಜೀವ ಇರೋ ಹುಳು ತೋರಿಸಿದ್ರೆ ಮಾತ್ರ ಒಪ್ಪಂದ ಅಂದಿದಾನೆ. ಇಲ್ಲಾಂದ್ರೆ ನಾನು ಮತ್ತೆ ಪಾರ್ಲರಿಗೆ. ಈ ಕಾಲು ಇಟ್ಕೊಂಡು!”

ಅಷ್ಟರಲ್ಲಿ ಅವಳ ಕಣ್ಣು ಟ್ರೇ ಅಕ್ಕನ ಮೇಲೆ ಬಿತ್ತು. ಖಾಲಿ ಟ್ರೇಗಳನ್ನು ಹೊರಗಿನ ನಲ್ಲಿಯಲ್ಲಿ ತೊಳೆಯಲು ದಿನಾ ಬರುತ್ತಿದ್ದ ಈ ಹೆಂಗಸಿಗೆ ಕೈಯಷ್ಟೇ ಬಾಯಿಯೂ ಚುರುಕು.

“ಪೈಪು ತೊಳಿ ಅಂದ್ರೆ ಹರಟೆ ಹೊಡೀತಾ ನಿಂತಿದ್ಯಾ? ನಾಳೆಯಿಂದ ಬರಬೇಡ ನೀನು.”

“ವಾರಕ್ಕೊಂದ್ಸಲ ತೊಳಿ ಅಂದ್ರಿ, ತೊಳ್ದಿದೀನಮ್ಮಾ. ನಡುವೆ ಕಟ್ಕೊಂಡ್ರೆ ನನಗೇನು ಕನಸು ಬೀಳುತ್ತಾ? ದಿನಾ ನೋಡೋರು ಹೇಳಬೇಕಪ್ಪ.”

“ದಿನಾ ನೋಡಿ ಬರೆದಿದಾಳೆ ಕಣೇ ನಮ್ಮ ಹುಡುಗಿ! ನೆನ್ನೆ ಸಂಜೇನೂ ತೇವ ಸರಿ ಇತ್ತು. ರಾತ್ರೋರಾತ್ರಿ ಕಟ್ಕೊಂಡಿದೆ.”

ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಮುನಿ ಒಂದು ಹೆಜ್ಜೆ ಮುಂದೆ ಬಂದಳು. ಈಗ ಹೇಳಬೇಕು ಎಂದುಕೊಂಡಳು. ಬಾಯಿ ತೆರೆದಾಗ ಬಂದದ್ದು ಬೇರೆ ಮಾತು.

“ಅತ್ತೆ, ಎಲ್ಲಾ ಸತ್ತಿಲ್ಲ. ಒಣಗಿದ್ರೆ ಬಾಯಿಗೆ ಪೊರೆ ಕಟ್ಕೊಂಡು ಮಲಗಿಬಿಡ್ತವೆ. ತಿಂಗಳುಗಟ್ಟಲೆ ಹಾಗೇ ಇರ್ತವೆ. ಉಗುರು ಬೆಚ್ಚಗಿನ ನೀರು ಚಿಮುಕಿಸಿದ್ರೆ ಏಳ್ತವೆ.”

“ಸತ್ತದ್ದು ಯಾವುದು, ಮಲಗಿದ್ದು ಯಾವುದು ಹೇಗೆ ಗೊತ್ತಾಗತ್ತೆ? ಹೊರಗಿಂದ ಎಲ್ಲಾ ಒಂದೇ ಥರ ಇದಾವಲ್ಲ?”

ಮುನಿ ತನ್ನ ಅಂಗೈ ನೋಡಿಕೊಂಡಳು. “ಒಂದೊಂದನ್ನೇ ಕೈಯಲ್ಲಿ ಹಿಡಿದು… ಮೂಸಿ ನೋಡಬೇಕು.”

ಟ್ರೇ ಅಕ್ಕ ಕಿಸಕ್ಕನೆ ನಕ್ಕಳು. “ಭೇಷ್! ಕಾಲೇಜಿಗೆ ಹೋಗಿ ಕಲ್ತಿದ್ದು ಇದೇ ಏನವ್ವಾ?”

ನಾಳೆಯಿಂದ ಬರಬೇಡ ಎನ್ನಿಸಿಕೊಂಡವಳು ಇವತ್ತಿನ ಕೆಲಸ ಬಿಟ್ಟು ಹೋಗಲಿಲ್ಲ. ಮೂವರೂ ಮಣೆ ಹಾಕಿಕೊಂಡು ಕುಳಿತರು. ಬಲಗಡೆ ಬೆಚ್ಚನೆಯ ತೇವದ ಬಟ್ಟೆ ಹಾಸಿದ ಟ್ರೇ, ಎಡಗಡೆ ಬಕೆಟ್ಟು. ಗ್ಲೌಸ್ ಹಾಕಿದರೆ ಅದರ ರಬ್ಬರಿನ ವಾಸನೆಯೇ ಮೂಗಿಗೆ ಹೊಡೆಯುತ್ತಿತ್ತು. ಬರಿಗೈಯೇ ಗತಿ.

ಮೊದಲನೆಯದನ್ನು ಎತ್ತಿದಳು. ಬೆಂಡಿನಂತೆ ಹಗುರವಾಗಿತ್ತು. ಪೊರೆಯ ಹತ್ತಿರ ಮೂಗು ಒಯ್ದದ್ದೇ ತಡ, ನಾತ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಬಕೆಟ್ಟಿಗೆ. ಎರಡನೆಯದು ಭಾರವಾಗಿತ್ತು, ಬರೀ ಮಣ್ಣಿನ ವಾಸನೆ. ಟ್ರೇಗೆ. ಮೂರನೆಯದನ್ನು ಹಿಡಿದಾಗ ಪೊರೆ ಒಡೆದು, ಒಳಗಿನ ಕಂದು ರಸ ಮಣಿಕಟ್ಟಿನ ತನಕ ಬೆಚ್ಚಗೆ ಇಳಿಯಿತು. ಎದ್ದು ಹೊರಗೆ ಓಡಿ ವಾಂತಿ ಮಾಡಿಕೊಂಡು, ಬಾಯಿ ಮುಕ್ಕಳಿಸಿ ಬಂದು, ನಾಲ್ಕನೆಯದನ್ನು ಎತ್ತಿದಳು.

“ಬಸುರಿ ಹೆಂಗಸಿನ ಹಾಗೆ ಆಡ್ತಾಳಲ್ಲಮ್ಮಾ ಇವಳು,” ಎಂದಳು ಟ್ರೇ ಅಕ್ಕ. ತಾನೊಂದನ್ನು ಮೂಸಿ, ಮುಖ ಸಿಂಡರಿಸಿದಳು. “ಥೂ! ನಮ್ಮೆಜಮಾನರ ಸಾಕ್ಸೇ ವಾಸಿ. ಇದನ್ನ ಮುಖಕ್ಕೆ ಬಳ್ಕೊಂಡು ಮಂದಿ ಚೆಂದ ಕಾಣ್ತಾರಾ?”

ಅತ್ತೆಗೂ ನಗು ತಡೆಯಲಿಲ್ಲ. ಮುನಿ ಮಾತ್ರ ನಗಲಿಲ್ಲ. ಕೆಲಸ ಕಳೆದುಕೊಂಡವಳು ತನ್ನ ಪಕ್ಕದಲ್ಲೇ ಕುಳಿತು, ತನ್ನ ತಪ್ಪನ್ನು ಒಂದೊಂದಾಗಿ ಮೂಸಿ ಎಡಕ್ಕೂ ಬಲಕ್ಕೂ ಹಾಕುತ್ತಿದ್ದಾಳೆ. ಬಕೆಟ್ಟಿನ ನಾತಕ್ಕಿಂತ ಅದನ್ನು ತಡೆಯುವುದೇ ಕಷ್ಟವಾಗಿತ್ತು.

ಮೂರು ಗಂಟೆಗೆ ಎರಡು ಬಕೆಟ್ಟು ತುಂಬಿದ್ದವು. ಬಲಗಡೆಯ ಟ್ರೇಗಳಲ್ಲಿ ನೀರು ಹನಿಸಿದ ಅರ್ಧ ಗಂಟೆಗೆ ಒಂದೊಂದೇ ಪೊರೆ ಬಿಚ್ಚಿತು. ಬೂದುಬಣ್ಣದ ಮಾಂಸ ಉಬ್ಬಿ ಉಬ್ಬಿ ಹೊರಗೆ ಬಂತು, ಕೊಂಬು ನೀಡಿತು, ಪಕ್ಕದ್ದರ ಬೆನ್ನು ಹತ್ತಿತು. ಬಟ್ಟೆಯ ತುಂಬ ಮೆಲ್ಲನೆ ಪಚಪಚ ಸದ್ದು. ಅತ್ತೆ ಕೈಮುಗಿದುಬಿಟ್ಟಳು. ಮುನಿ ಮುಖ ಆಚೆ ತಿರುಗಿಸಿದಳು.

ಕಂಪನಿಯವನು ನಾಲ್ಕಕ್ಕೆ ಸರಿಯಾಗಿ ಬಂದ. ಕನ್ನಡಕ ಹಣೆಗೇರಿಸಿಕೊಂಡು ಎರಡೂ ಕೋಣೆ ನೋಡಿದ. ಎರಡನೆಯದರಲ್ಲಿ ಮೂಗು ಅರಳಿಸಿದ. “ಸ್ವಲ್ಪ ಕಡಿಮೆ ಆಗಿದಾವೆ ಅಲ್ವಾ?”

“ನೆನ್ನೆ ರಾತ್ರಿ ಪೈಪು ಕಟ್ಕೊಂಡಿತ್ತು. ಕೆಲಸದವಳ ಅಜಾಗರೂಕತೆ. ಬಿಡಿಸಿಬಿಟ್ಟೆ ಅವಳನ್ನ,” ಎಂದಳು ಅತ್ತೆ.

ಅವನು ದಾರದಲ್ಲಿದ್ದ ಪುಸ್ತಕ ತಿರುವಿದ. “ಎರಡೂ ಹೊತ್ತು, ಒಂದು ದಿನಾನೂ ತಪ್ಪಿಲ್ಲ. ನಿಜ ಹೇಳ್ಲಾ? ಹುಳಕ್ಕಿಂತ ಈ ಪುಸ್ತಕ ನೋಡಿ ನಂಬಿಕೆ ಬಂತು. ಒಪ್ಪಂದಕ್ಕೆ ಸಹಿ ಹಾಕ್ತೀನಿ.”

“ನಮ್ಮಣ್ಣನ ಮಗಳು ಬರೆದಿದ್ದು,” ಎಂದು ಅತ್ತೆ ಹಿಗ್ಗಿದಳು.

ಹೊರಗೆ ನಲ್ಲಿಯ ಹತ್ತಿರ ಟ್ರೇ ಅಕ್ಕ ಬಕೆಟ್ಟು ತಿಕ್ಕುವ ಸದ್ದು ಕೇಳುತ್ತಿತ್ತು.

“ಅದು ಸುಳ್ಳು,” ಎಂದಳು ಮುನಿ. ದನಿ ಎಷ್ಟು ಸಣ್ಣದಿತ್ತೆಂದರೆ ಇನ್ನೊಮ್ಮೆ ಹೇಳಬೇಕಾಯಿತು. “ಸುಳ್ಳು ಬರೆದಿದೀನಿ. ಹನ್ನೆರಡು ದಿನ ನಾನು ಒಳಗೇ ಹೋಗಿಲ್ಲ. ಅಕ್ಕಂದು ಏನೂ ತಪ್ಪಿಲ್ಲ.”

“ಯಾಕಮ್ಮಾ?” ಎಂದ ಅವನು.

“ಹೇಸಿಗೆ ಆಗತ್ತೆ.”

ಕಂಪನಿಯವನು ಪೆನ್ನಿನ ಮುಚ್ಚಳ ಹಾಕಿದ. “ಮೊದಲನೇ ಕೋಣೆದಾದ್ರೂ ನೋಡಿದ್ಯಾ?”

“ಇಲ್ಲ. ಅದು ತಾನಾಗೇ ಸರಿ ಇತ್ತು.”

ಅವನು ನಗಬೇಕೋ ಬೇಡವೋ ಎಂಬಂತೆ ನಿಂತ. ಆಮೇಲೆ ಪುಸ್ತಕವನ್ನು ದಾರಕ್ಕೆ ಬಿಟ್ಟ. “ಒಂದು ತಿಂಗಳು ನಿಜ ಬರೀರಿ. ಬಂದು ನೋಡ್ತೀನಿ. ಸಹಿ ಆಮೇಲೆ.”

ಅವನು ಹೋದ ಮೇಲೆ ಅತ್ತೆ ಮೊಣಕಾಲು ಹಿಡಿದುಕೊಂಡು ಮಣೆಯ ಮೇಲೆ ಕುಳಿತಳು. ಮುನಿಯ ಕಡೆ ನೋಡಲೇ ಇಲ್ಲ. ಅಲ್ಲಿಂದಲೇ ನಲ್ಲಿಯ ಕಡೆಗೆ ಕೂಗಿದಳು: “ನಾಳೆ ಎಂಟಕ್ಕೆ ಬಾರೇ.”

“ಬರಬೇಡ ಅಂದ್ರಲ್ಲ?”

“ಅಂದೆ. ಈಗ ಬಾ ಅಂತಿದೀನಿ. ಎರಡೂ ನನ್ನ ಬಾಯೇ. ತಪ್ಪಾಡಿದ ಬಾಯಿಗೆ ಹೊಡಿತೀಯಾ, ಹೊಡಿ.”

“ನಿಮ್ಮ ಬಾಯಿಗ್ಯಾಕೆ? ಆ ಹುಡುಗಿ ಮೂಗಿಗೆ ಇವತ್ತು ಬಿದ್ದಿದ್ದೇ ಸಾಕು,” ಎಂದಳು ಟ್ರೇ ಅಕ್ಕ. ಆದರೆ ಅವಳೂ ಮುನಿಯ ಕಡೆ ನೋಡಲಿಲ್ಲ.

ಅತ್ತೆ ಕೈ ಚಾಚಿದಳು. “ಪುಸ್ತಕ ನಿನ್ನ ಹತ್ರಾನೇ ಇರಲಿ. ಆ ಗ್ಲೌಸ್ ಇಲ್ಲಿ ಕೊಡು.”

ಮರುದಿನ ಬೆಳಿಗ್ಗೆ ಮುನಿ ಎರಡನೆಯ ಕೋಣೆಯ ಬಾಗಿಲು ತೆರೆದು, ಮೊದಲ ಟ್ರೇಯ ಮುಚ್ಚಳ ತೆಗೆದು, ಬರಿಯ ಅಂಗೈಯನ್ನು ತಳಕ್ಕೆ ಒತ್ತಿದಳು. ರಾತ್ರಿಯಿಡೀ ಹುಳು ಹರಿದಾಡಿ ಬಿಟ್ಟ ಲೋಳೆ ಬೆರಳುಗಳ ಸಂದಿಯಲ್ಲಿ ಮೇಲೆ ಬಂತು. ಮೈ ಜುಂ ಎಂದಿತು. ರೂಢಿಯಾಗುತ್ತದೆ ಎಂದು ಅತ್ತೆ ಮೊದಲ ದಿನ ಹೇಳಿದ್ದಳು. ಅದು ಆಗುವಂಥದ್ದಲ್ಲ ಎಂದು ಅವಳಿಗೆ ಅನ್ನಿಸಿತು. ಹಲ್ಲು ಕಚ್ಚಿಕೊಂಡು ಹನ್ನೆರಡು ಟ್ರೇಗೂ ಕೈ ಇಟ್ಟಳು. ಆಮೇಲೆ ಪುಸ್ತಕ ಎಳೆದುಕೊಂಡು ‘ತೇವ ಸರಿ ಇದೆ’ ಎಂದು ಬರೆದಳು. ಅಕ್ಷರದ ಮೇಲೆ ಲೋಳೆ ಹತ್ತಿ ಶಾಯಿ ಕದಡಿತು.

ಲೋಳೆ ಉಬ್ಬದಂತೆ ಕೈಯನ್ನು ಮೊದಲು ಒಣಬಟ್ಟೆಯಲ್ಲಿ ಒರೆಸಿಕೊಂಡಳು. ನೀರು ಆಮೇಲೆ.